ಬಾಯಿಗೊಂದು ಚಮಚ ಅಕ್ಕಿ

ನಮ್ಮತ್ತಿಗೆ ಸತ್ತಾಗ ಪಾದ್ರಿಗಳು ಗುಂಡಿಯ ಪಕ್ಕ ನಿಂತು, "ಈಕೆ ಅರವತ್ತು ವರ್ಷ ಈ ಸಂಸ್ಥೆಗೆ ಸೇವೆ ಸಲ್ಲಿಸಿದ ಮಹಾತಾಯಿ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಸಂಸ್ಥೆ ಮಾರಾಯ? ನಲವತ್ತು ದಾಟದ ಹುಡುಗ, ಪೇಟೆಯಿಂದ ಬಂದವನು, ಅವನಿಗೇನು ಗೊತ್ತು ಪಾಪ. ಅತ್ತಿಗೆ ಮಾಡಿದ್ದು ಬಾಯಿ ಎಣಿಸುವ ಕೆಲಸ. ಅದನ್ನು ಮೊದಲಿನಿಂದ ಕೊನೆಯ ತನಕ ಹೇಳಲಿಕ್ಕೆ ಈಗ ಊರಲ್ಲಿ ಉಳಿದವನು ನಾನೊಬ್ಬನೇ. ಹೇಳಲಿಕ್ಕೆ ನಾಚಿಕೆಪಡಬೇಕಾದವನೂ ನಾನೇ. ಎಂಬತ್ತು ದಾಟಿದ ಮೇಲೆ ನಾಚಿಕೆ ಇಟ್ಟುಕೊಂಡು ಏನು ಮಾಡಲಿ, ಹೇಳಿಬಿಡ್ತೀನಿ.

ಅವಳ ಹೆಸರು ಮಾ ಗಾನ್ನಾನ್. ಗಾನ್ನಾನ್ ಅಂದರೆ ಈಗ ತಾನೇ ಹುಟ್ಟಿದ್ದು ಅಂತ. ಹೆಣ್ಣು ಕೂಸಿಗೆ ಹೆಸರಿಡುವ ಗೋಜಿಗೇ ಹೋಗದೆ ಹಾಗೇ ಬಿಟ್ಟಿದ್ದ ಅವಳಪ್ಪ. ಮದುವೆಯಾಗಿ ನಮ್ಮ ಊರು ಗಲ್ಮೇಗೆ ಬಂದ ಮೇಲೆ ಆ ಹೆಸರೂ ಹೋಯಿತು. ದೊಲ್ಸಾನ್ ಊರಿನವಳು ಅಂತ ಎಲ್ಲರಿಗೂ ದೊಲ್ಸಾನಮ್ಮ ಆದಳು. ಅಣ್ಣನಿಗಿಂತ ನಾಲ್ಕು ಬೆರಳು ಎತ್ತರ, ದೊಡ್ಡ ಕೈ, ಬಾಯಿ ತೆಗೆದರೆ ಉಪ್ಪಿನ ಗದ್ದೆಯ ಆಚೆ ದಡಕ್ಕೂ ಕೇಳಬೇಕು. ನಮ್ಮಮ್ಮ ಹೋದಾಗ ನನಗೆ ಹತ್ತು ವರ್ಷ. ಆ ದೊಡ್ಡ ಕೈಯಿಂದಲೇ ಉಂಡೆ, ಅದೇ ಕೈಯಿಂದ ಏಟೂ ತಿಂದೆ.

ಊರಲ್ಲಿ ತಗಡಿನ ಮಾಡಿನ ಒಂದು ಚರ್ಚು ಇತ್ತು. ಹನ್ನೊಂದು ಮನೆಯವರು ಹೋಗುತ್ತಿದ್ದೆವು. ಅಣ್ಣ ಅಲ್ಲಿನ ಹಿರಿಯ. ಅತ್ತಿಗೆಯ ಪಾಲಿಗೆ ಬಂದದ್ದು ಅಕ್ಕಿ ಚೀಲದ ಗೋಡೆ. ನಮ್ಮಲ್ಲಿ ಪದ್ಧತಿ ಏನಂದರೆ, ಪ್ರತಿ ಊಟಕ್ಕೂ ಅಕ್ಕಿ ತೊಳೆಯುವ ಮುಂಚೆ ಮನೆಯಲ್ಲಿ ಎಷ್ಟು ಬಾಯೋ ಅಷ್ಟು ಚಮಚ ಎತ್ತಿಡಬೇಕು. ಅಕ್ಕಿ ಇಲ್ಲದ ದಿನ ಬಾರ್ಲಿ. ಭಾನುವಾರ ಅದನ್ನೆಲ್ಲ ಬಟ್ಟೆಯ ಚೀಲಕ್ಕೆ ಸುರಿದು ತಂದು ಚರ್ಚಿನ ಬಾಗಿಲ ಪಕ್ಕದ ಗೋಡೆಯಲ್ಲಿ ನಮ್ಮ ಮನೆಯ ಮೊಳೆಗೆ ನೇತುಹಾಕಬೇಕು. ಚೀಲದ ಮೇಲೆ ಮನೆಯ ಹೆಸರು, ಎಷ್ಟು ಬಾಯಿ ಅನ್ನೋದು, ಎರಡೂ ಕಪ್ಪು ದಾರದಲ್ಲಿ ಹೊಲಿದಿರುತ್ತಿತ್ತು. ಹೊಲಿಯುತ್ತಿದ್ದವಳು ಅತ್ತಿಗೆ. ಶಾಲೆಯ ಮುಖ ನೋಡದ ಹೆಂಗಸು ಆ ಹನ್ನೊಂದು ಹೆಸರು ಹೊಲಿದು ಹೊಲಿದೇ ಅಕ್ಷರ ಕಲಿತಳು.

ಆ ಅಕ್ಕಿಯಲ್ಲಿ ಒಂದು ಪಾಲು ಪಾದ್ರಿಗಳ ಒಲೆಗೆ. ಉಳಿದದ್ದು ಚಳಿಗಾಲ ಕಳೆದು ಬಾರ್ಲಿ ಕಟಾವಿಗೆ ಬರುವ ತನಕ ಯಾರ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೋ ಅವರಿಗೆ. ಯಾರಿಗೆ ಕೊಡಬೇಕು ಅನ್ನೋದನ್ನೂ ಅತ್ತಿಗೆಯೇ ನೋಡುತ್ತಿದ್ದಳು. ಉಪ್ಪಿನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ಗು ಪಿಲ್‌ಮಾನನ ಮನೆಗೆ ಪ್ರತಿ ವರ್ಷ ಹೋಗುತ್ತಿತ್ತು. ಅಣ್ಣ ಒಮ್ಮೆ ಸಿಡುಕಿದ: "ಅವನು ಒಂದು ದಿನವಾದ್ರೂ ಪ್ರಾರ್ಥನೆಗೆ ಬಂದದ್ದು ನೋಡಿದೀಯೇನೇ?"

"ಅವನ ಮಕ್ಕಳ ಪಕ್ಕೆಲುಬು ನೋಡಿದೀನಿ. ಸಾಕಲ್ವಾ?" ಅಂದಳು ಅತ್ತಿಗೆ.

ಯುದ್ಧ ಬಂತು. ನನಗೆ ಇಪ್ಪತ್ತೊಂದು. ಬಡಗಣ ಕಮ್ಯುನಿಸ್ಟರ ಸೈನ್ಯ ಇಳಿದು ಬಂದದ್ದು ಬೇಸಗೆಯಲ್ಲಿ. ಪಿಲ್‌ಮಾನ್ ಮತ್ತು ಅವನಂಥ ಐದಾರು ಜನ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಊರ ಯಜಮಾನರಾದರು. ಚರ್ಚು ಅವರ ಕಚೇರಿಯಾಯಿತು. ಎರಡು ತಿಂಗಳು ಬೈಗುಳ, ಏಟು, ಬಿಟ್ಟಿ ಕೆಲಸ ಎಲ್ಲ ಸಹಿಸಿದೆವು. ಕೊನೆಗೆ ಆ ಸೈನ್ಯ ಸೋತು ಹಿಂದೆ ಹೊರಟಿತು. ಹೋಗುವಾಗ ಚರ್ಚಿನವರಲ್ಲಿ ಯಾರನ್ನೂ ಉಳಿಸಬೇಡಿ ಅಂತ ಅಪ್ಪಣೆ ಬಂತಂತೆ.

ಹಾಡಹಗಲು, ಮಧ್ಯಾಹ್ನ. ಪಿಲ್‌ಮಾನ್ ನಮ್ಮ ಚೀಲಗಳನ್ನೇ ಗೋಡೆಯಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಮನೆಮನೆಗೆ ಬಂದ. ಒಂದೊಂದೇ ಚೀಲ ಎತ್ತಿ ಓದುತ್ತಿದ್ದ. "ಪ್ಯೊ ಮನೆ, ಐದು ಬಾಯಿ." ಅದು ನಮ್ಮದು. ಅಕ್ಕಿ ಎತ್ತಿಡಲು ಹೊಲಿದ ಲೆಕ್ಕ ಅವನಿಗೆ ಕೊಲ್ಲುವ ಪಟ್ಟಿಯಾಯಿತು. ನಮ್ಮ ಅಕ್ಕಿ ತಿಂದು ಬೆಳೆದ ಮಕ್ಕಳ ಅಪ್ಪ, ಬೇರೆ ಯಾರಿಗೆ ಅಷ್ಟು ಸರಿಯಾಗಿ ಗೊತ್ತಿರಲು ಸಾಧ್ಯ?

ಅತ್ತಿಗೆ ನಾಲ್ಕು ವರ್ಷದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಕೆಸರುದಂಡೆಗೆ ಚಿಪ್ಪು ಹೆಕ್ಕಲು ಹೋಗಿದ್ದಳು. ಅದಕ್ಕೇ ಅವರಿಬ್ಬರೂ ಉಳಿದರು. ನಾನು ಉಳಿದದ್ದು ಹೇಗೆ ಅಂದರೆ, ಗದ್ದಲ ಕೇಳಿದ ಕೂಡಲೇ ಉಪ್ಪಿನ ಕೊಟ್ಟಿಗೆಗೆ ಓಡಿ ರಾಶಿಯೊಳಗೆ ಕುತ್ತಿಗೆವರೆಗೆ ಹುಗಿದುಕೊಂಡೆ. ಹಲಗೆಯ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಓಡಲಾಗದೆ ಸಿಕ್ಕಿಬಿದ್ದ ಒಂಬತ್ತು ಜನರ ಕೊರಳಿಗೆ ಹುಲ್ಲಿನ ಹಗ್ಗದಲ್ಲಿ ಕಲ್ಲು ಕಟ್ಟಿದರು. ಪಾದ್ರಿಗಳು ಮಂಡಿಯೂರಿದಾಗ ಈಟಿಯಲ್ಲಿ ತಿವಿದರು. ಅಣ್ಣನ ಪಕ್ಕದಲ್ಲಿ ಅವನ ಮಗ, ಒಂಬತ್ತು ವರ್ಷದ ಇನ್‌ಸೊಕ್. ಉಪ್ಪಿನ ಗದ್ದೆಯ ತೂಬಿನ ಬಾಯಿಗೆ ಭರತದ ನೀರು ನುಗ್ಗುತ್ತಿತ್ತು. ದೂಡುವ ಮುಂಚೆ ಇನ್‌ಸೊಕ್ ಸುತ್ತ ನೋಡಿ, "ಅಪ್ಪ, ಚಿಕ್ಕಪ್ಪ ಎಲ್ಲಿ?" ಅಂದ. ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಉಪ್ಪಿನಲ್ಲಿ ಮುಖ ಮುಚ್ಚಿಕೊಂಡೆ.

ಮೂರನೆಯ ದಿನ ಹೆಣಗಳು ಇಳಿತದಲ್ಲಿ ಸಿಕ್ಕವು. ಏಡಿಗಳು ಮುಖ ಬಿಟ್ಟಿರಲಿಲ್ಲ. ಅತ್ತಿಗೆ ಅಂಗಿಯ ಹೊಲಿಗೆ ನೋಡಿ ಗಂಡನನ್ನೂ ಮಗನನ್ನೂ ಗುರುತಿಸಿದಳು. ಎದೆ ಬಡಿದುಕೊಂಡು ಅತ್ತಳು, ನೆಲಕ್ಕೆ ತಲೆ ಚಚ್ಚಿಕೊಂಡಳು, ಪಿಲ್‌ಮಾನನ ವಂಶ ನಾಶವಾಗಲಿ ಅಂತ ಊರೆಲ್ಲ ಕೇಳುವ ಹಾಗೆ ಶಾಪ ಹಾಕಿದಳು. ಅವಳೇನು ದೇವತೆಯಲ್ಲ ಕಣ್ರೀ. ಆದರೆ ಆ ಸಂಜೆ ಮಗಳು ಹಸಿವೆ ಅಂದಾಗ ಎದ್ದು ಬಾರ್ಲಿ ಡಬ್ಬಿ ತೆಗೆದಳು. ಒಂದು, ಎರಡು, ಮೂರು, ನಾಲ್ಕು, ಐದು ಚಮಚ ಎತ್ತಿಟ್ಟಳು.

"ಅತ್ತಿಗೆ, ಮೂರೇ ಬಾಯಿ ಈಗ," ಅಂದೆ.

"ನನ್ನ ಮನೇಲಿ ಎಷ್ಟು ಬಾಯಿ ಅಂತ ನಂಗೆ ಪಾಠ ಹೇಳ್ಬೇಡ. ಸುಮ್ನೆ ಕೂತ್ಕೋ."

ಪಿಲ್‌ಮಾನ್ ಬಡಗಣದವರ ಜೊತೆ ಓಡಿಹೋಗಿದ್ದ. ಹೆಂಡತಿ, ಮೂರು ಮಕ್ಕಳು, ಮುದಿ ಅಪ್ಪ, ಇವರನ್ನು ಹಾಗೇ ಬಿಟ್ಟು ಓಡಿದ್ದ. ಎರಡು ವಾರಕ್ಕೆ ಇತ್ತ ಕಡೆಯ ಪೊಲೀಸರು ಪಟ್ಟಣಕ್ಕೆ ಮರಳಿದರು. ಯೊಮ್ ಅನ್ನುವ ದಫೇದಾರ ನಮಗೆ ಹೇಳಿ ಕಳಿಸಿದ: ಚರ್ಚಿನವರನ್ನು ನಂಬ್ತೀವಿ, ಉಳಿದ ಕೆಂಪು ಮನೆಯವರನ್ನೆಲ್ಲ ಒಂದು ಕಡೆ ಕೂಡಿಹಾಕಿ, ಇಳಿತದ ಹೊತ್ತಿಗೆ ಕೆಸರುದಾರಿಯಲ್ಲಿ ಲಾರಿ ಬರುತ್ತೆ. ಲಾರಿ ಹತ್ತಿದವರು ಬೆಟ್ಟದ ಕಣಿವೆ ದಾಟಿ ಮುಂದೆ ಹೋಗುವುದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಚರ್ಚಿನ ಮನೆಗಳಲ್ಲಿ ಉಳಿದ ನಾವು ಎಂಟು ಜನ ಹುಡುಗರು. ನಾನೇ ಮುಂದಾಳು. ಬಿದಿರು ಕಡಿದು ತುದಿ ಚೂಪು ಮಾಡಿ ಬೆಂಕಿಯಲ್ಲಿ ಸುಟ್ಟುಕೊಂಡೆವು. ಬೆಳಕು ಹರಿದ ಕೂಡಲೇ ಆರು ಮನೆಗೆ ನುಗ್ಗಿದೆವು. ಕೂದಲು ಹಿಡಿದು ಎಳೆದೆವು, ಬಾಣಂತಿಯನ್ನೂ ಬಿಡಲಿಲ್ಲ. ಎಲ್ಲರನ್ನೂ ಚರ್ಚಿನೊಳಗೆ ತಳ್ಳಿ ಹೊರಗಿನಿಂದ ಅಗುಳಿ ಹಾಕಿದೆವು. ಪಿಲ್‌ಮಾನನ ಅಪ್ಪ ಗು ಮುದುಕನನ್ನು ಮಾತ್ರ ನಾನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿಕೊಂಡೆ. ಹುಲ್ಲಿನ ಚಪ್ಪಲಿ ಹೆಣೆದು ಬದುಕುತ್ತಿದ್ದ ಮುದುಕ. ಚಿಕ್ಕವನಿದ್ದಾಗ ನನ್ನ ಚಪ್ಪಲಿಯನ್ನೂ ಅವನೇ ಹೆಣೆದಿದ್ದ.

"ನಿನ್ನ ಮಗ ಎಲ್ಲೋ?"

"ಗೊತ್ತಿಲ್ಲಪ್ಪ."

"ಸುಳ್ಳು ಬೊಗಳ್ತೀಯಾ?"

"ಗೊತ್ತಿದ್ರೂ ಹೇಳ್ತೀನೇನೋ ಜಾಂಗ್‌ತೇ? ಅವನು ಮಾಡಿದ್ದು ಮಾಡಬಾರದ್ದೇ. ಆದ್ರೂ ನನ್ನ ಮಗ ಅಲ್ವೇನೋ."

ನನ್ನ ಮಗ. ಆ ಮಾತಿಗೆ ಇನ್‌ಸೊಕ್ ಕೇಳಿದ್ದು ಕಿವಿಗೆ ಬಂತು. ಚಿಕ್ಕಪ್ಪ ಎಲ್ಲಿ? ಇಲ್ಲಿದೀನಿ ಕಣೋ, ನೋಡು ಅಂದುಕೊಂಡು ಈಟಿಯನ್ನು ಮುದುಕನ ಹೊಟ್ಟೆಗೆ ಇರಿದೆ. ಒಂದೇ ಸಲಕ್ಕೆ ಹೋಗಲಿಲ್ಲ. ಕಾಲಿಟ್ಟು ಒತ್ತಿ ಎಳೆದು ಮತ್ತೆ ಇರಿದೆ. ಅವನು ಬಾವಿಯ ಕಲ್ಲು ಹಿಡಿದು ಕೂತು ನನ್ನನ್ನೇ ನೋಡುತ್ತ, ನೀರು, ನೀರು ಅಂದ. ಚರ್ಚಿನ ಬಾಗಿಲ ಸಂದಿಯಲ್ಲಿ ಯಾವುದೋ ಮಗುವಿನ ಕಣ್ಣು ಕಂಡಿತು. ನಾನು ಅತ್ತ ಬೆನ್ನು ತಿರುಗಿಸಿ ನಿಂತೆ.

ಒಳಗಿದ್ದವರಿಗೆ ಕೊಡಲು ಬೇಯಿಸಿದ ಬಾರ್ಲಿಯ ಉಂಡೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಅತ್ತಿಗೆ ಅದೇ ಹೊತ್ತಿಗೆ ಬಂದಳು. ಬುಟ್ಟಿ ಕೆಳಗಿಟ್ಟಳು. ನೀರು ಸೇದಿ ಮುದುಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದಳು. ಅವನು ಜೀವ ಬಿಡುವ ತನಕ ಕೂತಳು, ಆಮೇಲೆ ಅವನ ಮುಖ ಒರೆಸಿದಳು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನಾನೇ ಜೋರು ಮಾಡಿದೆ. ಗೋಡೆಗೆ ಮತ್ತೆ ತೂಗುಹಾಕಿದ್ದ ಚೀಲಗಳನ್ನು ಕಿಟಕಿಯಿಂದ ತೋರಿಸಿ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ: "ಆ ಗೋಡೆ ಮೇಲೆ ಯಾರ ಚೀಲ ಇದೆಯೋ ಅವರು ನಮ್ಮವರು. ಇಲ್ದೋರು ಲಾರಿ ಹತ್ತಬೇಕು. ಅವರು ಅದನ್ನ ನೋಡ್ಕೊಂಡೇ ನಮ್ಮನ್ನ ಕೊಂದ್ರಲ್ಲ, ನಾವೂ ಅದನ್ನ ನೋಡ್ಕೊಂಡೇ ಲೆಕ್ಕ ಚುಕ್ತಾ ಮಾಡ್ತೀವಿ!"

ಅತ್ತಿಗೆ ತಲೆಯೆತ್ತಿ, "ಇದು ನಿನ್ನ ಮಾತೇ ತಾನೆ? ಚೀಲ ಇದ್ದೋರು ನಮ್ಮವರು?" ಅಂದಳು.

"ಹೌದು. ನನ್ನ ಮಾತೇ."

ಅವಳು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅಣ್ಣನ ಭಾನುವಾರದ ಬಿಳಿ ನಿಲುವಂಗಿ, ಕತ್ತರಿ, ಕಪ್ಪು ದಾರ ತಂದು ಚರ್ಚಿನ ಹಿಂದಿನ ಮೆಟ್ಟಿಲ ಮೇಲೆ ಕೂತಳು. ನಾನೀಗ ಮನೆಯ ಗಂಡಸು, ಅಣ್ಣನ ಅಂಗಿಯನ್ನು ನನ್ನ ಅಳತೆಗೆ ಹೊಲಿಯುತ್ತಿದ್ದಾಳೆ ಅಂದುಕೊಂಡೆ. ಎಂಥ ಮುಠ್ಠಾಳ ನಾನು! ನನ್ನ ಕೈಮೇಲಿನ ರಕ್ತ ಇನ್ನೂ ಒಣಗಿರಲಿಲ್ಲ, ನನಗೆ ಅಣ್ಣನ ಅಂಗಿ ಬರುತ್ತೆ ಅಂತ ಆಸೆ. ಹೊತ್ತು ನೆತ್ತಿಗೆ ಬರುವ ತನಕ ಅವಳು ಹೊಲಿದಳು. ಆಮೇಲೆ ಉಂಡೆಯ ಬುಟ್ಟಿ ಎತ್ತಿಕೊಂಡು, "ಅಗುಳಿ ತೆಗಿ, ಮಕ್ಕಳು ಹಸಿದಿದಾವೆ" ಅಂದಳು. ತೆಗೆದೆ. ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಇಳಿತ ಆಯಿತು. ಕೆಸರುದಾರಿಯಲ್ಲಿ ಲಾರಿ ಕಂಡಿತು. ಹುಡುಗರನ್ನು ಕರೆದುಕೊಂಡು ನಾನು ಬಾಗಿಲು ಒದ್ದು ಒಳಗೆ ನುಗ್ಗಿದೆ.

ಗೋಡೆಯ ಮೇಲೆ ಹೊಗೆ ಹಿಡಿದ ಹನ್ನೊಂದು ಹಳೆಯ ಚೀಲಗಳ ಪಕ್ಕದಲ್ಲಿ ಆರು ಬಿಳಿ ಚೀಲಗಳು ತೂಗುತ್ತಿದ್ದವು. ಪ್ರತಿಯೊಂದರ ಮೇಲೂ ಮನೆಯ ಹೆಸರು, ಬಾಯಿಯ ಲೆಕ್ಕ. ಪ್ರತಿಯೊಂದರ ತಳದಲ್ಲೂ ಬಾಯಿಗೊಂದು ಚಮಚ ಅಕ್ಕಿ, ನಮ್ಮ ಮನೆಯಲ್ಲಿ ಹೊಸವರ್ಷದ ಹಬ್ಬಕ್ಕೆ ಅಂತ ಮುಚ್ಚಿಟ್ಟಿದ್ದ ಅಕ್ಕಿ. ಹದಿನೇಳು ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಅವರ ಮುಂದೆ ಅತ್ತಿಗೆ.

"ಏನಿದು?" ಅಂದೆ.

"ಓದಕ್ಕೆ ಬರಲ್ವಾ? ಶಾಲೆಗೆ ಹೋದೋನು ನೀನು."

"ಕೀಳು ಅದನ್ನ."

"ನೀನೇ ಹೇಳಿದ ಮಾತು. ಚೀಲ ಇದ್ದೋರು ನಮ್ಮವರು."

"ಅತ್ತಿಗೆ, ಇವರು ನಿನ್ನ ಗಂಡನ್ನ ಕೊಂದೋರು! ಇನ್‌ಸೊಕ್‌ನ..."

"ಇನ್‌ಸೊಕ್ ಹೆಸರು ನಿನ್ನ ಬಾಯಲ್ಲಿ ಬರಬಾರದು!" ಅವಳು ಕಿರುಚಿದಳು. "ಅವನನ್ನ ಹೆತ್ತೋಳು ನಾನು. ನಂಗಿಲ್ವಾ ಹೊಟ್ಟೆ ಉರಿ? ಇವರ ಮುಖ ನೋಡಿದ್ರೆ ಕಚ್ಚಿ ತಿನ್ನಬೇಕು ಅನ್ಸುತ್ತೆ ಕಣೋ. ಆದ್ರೆ ಈ ಗೋಡೆ ಯಾಕಿದೆ ಅಂದ್ಕೊಂಡಿದೀಯಾ? ಬಾಯಿ ಎಣಿಸಿ ಅನ್ನ ಹಾಕಕ್ಕೆ. ಪಿಲ್‌ಮಾನ್ ಇದನ್ನ ನೋಡಿ ತಲೆ ಎಣಿಸಿದ. ನೀನೂ ಅವನ ಹಾಗೇ ಎಣಿಸ್ತೀಯಾದ್ರೆ ಇದಕ್ಕೆ ಬೆಂಕಿ ಹಚ್ಚು. ಆಮೇಲೆ ಈ ಚರ್ಚು ಬರೀ ತಗಡು."

ನಾನು ಚೀಲ ಕೀಳಲು ಕೈ ಹಾಕಿದೆ. ಅವಳು ನನ್ನ ಕೈ ತಡೆದಳು. ಈಟಿಯ ಬುಡದಿಂದ ಹೊಡೆದೆ. ಅಮ್ಮನ ಹಾಗೆ ಸಾಕಿದವಳನ್ನು ಹೊಡೆದೆ. ಅವಳ ಎಡಗೈಯ ಎರಡು ಬೆರಳು ಲಟಕ್ಕನೆ ಮುರಿದವು. ಎರಡನೆಯ ಏಟು ಬಾಯಿಗೆ ಬಿತ್ತು, ಹಲ್ಲು ನೆಲಕ್ಕೆ ಉದುರಿತು. ಅವಳು ಮೊಳೆ ಹಿಡಿದು ನಿಂತೇ ಇದ್ದಳು.

"ಹೊಡಿ," ಅಂದಳು ರಕ್ತ ಉಗುಳಿ. "ನಿಮ್ಮಣ್ಣನ ಅಂಗಿ ಅದು. ಕೀಳ್ತೀಯಾದ್ರೆ ಕೀಳು."

ಅಷ್ಟರಲ್ಲಿ ದಫೇದಾರ ಯೊಮ್ ಬೂಟು ಸದ್ದು ಮಾಡುತ್ತ ಒಳಗೆ ಬಂದ. ಹಿಂದೆ ಬಂದೂಕಿನವರು ನಾಲ್ಕು ಜನ. ಅತ್ತಿಗೆಯ ಮುಖ ನೋಡಿದ, ನನ್ನ ಈಟಿ ನೋಡಿದ.

"ಏನಯ್ಯಾ, ಇವಳೂ ಕೆಂಪೇನಾ? ಸರಿ, ಇವಳನ್ನೂ ಹತ್ತಿಸಿ."

ನಾನು ಅಡ್ಡ ಬಂದೆ. "ಇಲ್ಲ ಸ್ವಾಮಿ, ಇವಳು ನಮ್ಮತ್ತಿಗೆ. ಚರ್ಚಿನ ಹಿರಿಯರ ಹೆಂಡತಿ."

"ಮತ್ತೆ ಯಾಕಯ್ಯಾ ಹೊಡೆದೆ?"

ನಾನು ಬಾಯಿ ತೆರೆಯುವ ಮುಂಚೆ ಅತ್ತಿಗೆ ನಮ್ಮ ಪ್ಯೊ ಮನೆಯ ಚೀಲವನ್ನು ಅದರ ಮೊಳೆಯಿಂದ ತೆಗೆದು ಆ ಬಿಳಿ ಚೀಲಗಳ ನಡುವೆ ನೇತುಹಾಕಿದಳು. "ಇವರು ಚರ್ಚಿನವರು, ಸ್ವಾಮಿ. ಇವರಲ್ಲ ಅಂದ್ರೆ ನಾನೂ ಅಲ್ಲ. ಈ ಹುಡುಗ ಹೇಳ್ತಾನೆ, ಕೇಳಿ."

ಯೊಮ್ ನಕ್ಕ. ಹಾಗೆಲ್ಲ ಮೋಸಹೋಗುವ ಆಸಾಮಿಯಲ್ಲ ಅವನು. ಪಿಲ್‌ಮಾನನ ಏಳು ವರ್ಷದ ಮಗಳು ಬುನಿಯ ರಟ್ಟೆ ಹಿಡಿದು ಎಳೆದ. "ನಿಮ್ಮ ಚೀಲ ಯಾವುದೇ? ತೋರಿಸು." ಅಕ್ಷರ ಬಾರದ ಮಗು. ಚರ್ಚಿನೊಳಗೆ ಕಾಲಿಟ್ಟದ್ದೇ ಅವತ್ತು. ಅದು ಬೆರಳೆತ್ತಿ ಕೊನೆಯ ಚೀಲ ತೋರಿಸಿತು. ಅಣ್ಣನ ನಿಲುವಂಗಿಯ ಹಳದಿ ಗುಂಡಿ ಅದರಲ್ಲಿ ಹಾಗೇ ಉಳಿದಿತ್ತು. ಉಂಡೆ ಕೊಡುವಾಗ ಅತ್ತಿಗೆ ಹೇಳಿಕೊಟ್ಟಿದ್ದಳು, ಗುಂಡಿ ಇರೋದು ನಿಮ್ಮದು ಅಂತ.

ಯೊಮ್ ನನ್ನ ಕಡೆ ತಿರುಗಿದ. "ಇವರು ನಿಮ್ಮ ಚರ್ಚಿನವರೋ ಅಲ್ವೋ? ಒಂದು ಮಾತು ಹೇಳು. ನಂಗೆ ಹೊತ್ತಾಗುತ್ತೆ, ನೀರು ಏರುತ್ತೆ."

ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಆ ಗುಂಡಿಯ ಚೀಲ ಓದಿದೆ. ಗು ಮನೆ, ಆರು ಬಾಯಿ. ಒಳಗೆ ನಿಂತದ್ದು ತಾಯಿ, ಮೂರು ಮಕ್ಕಳು, ಒಟ್ಟು ನಾಲ್ಕು. ಐದನೆಯದು ಬಾವಿಕಟ್ಟೆಯ ಹತ್ತಿರ ಬಿದ್ದಿದ್ದ ಮುದುಕ. ಆರನೆಯದು ಪಿಲ್‌ಮಾನ್. ತನ್ನ ಗಂಡನನ್ನೂ ಮಗನನ್ನೂ ನೀರಿಗೆ ದೂಡಿದವನ ಬಾಯಿಗೂ ಅವಳು ಒಂದು ಚಮಚ ಎತ್ತಿಟ್ಟಿದ್ದಳು. ನಾನು ಉಪ್ಪಿನೊಳಗೆ ಅಡಗಿದ್ದ ಹೇಡಿ, ಮುದುಕನನ್ನು ಕೊಂದು ಶೂರನಾಗಲು ಹೊರಟವನು. ಕರುಣೆ ಬಂತು ಅಂತ ಸುಳ್ಳು ಹೇಳಲಾರೆ. ಅತ್ತಿಗೆಯನ್ನೂ ಲಾರಿ ಹತ್ತಿಸಿಬಿಡುತ್ತಾರೆ ಅಂತ ಹೆದರಿದೆ, ಅಷ್ಟೇ.

"ನಮ್ಮವರೇ ಸ್ವಾಮಿ," ಅಂದೆ. "ಎಲ್ಲಾ ನಮ್ಮವರೇ."

ಯೊಮ್ ಕ್ಯಾಕರಿಸಿ ಉಗಿದು ಹೋದ. ಲಾರಿ ಪಕ್ಕದ ಊರಿಗೆ ಹೋಯಿತು. ಅಲ್ಲಿಂದ ಖಾಲಿ ಹೋಗಲಿಲ್ಲ. ಸಂಜೆ ಕಣಿವೆಯಿಂದ ಗುಂಡಿನ ಸದ್ದು ಕೇಳಿಸಿತು, ಬಹಳ ಹೊತ್ತು.

ಗು ಮುದುಕನ ಗುಂಡಿಯನ್ನು ಅತ್ತಿಗೆ ನನ್ನ ಕೈಯಿಂದಲೇ ತೋಡಿಸಿದಳು. ಅವಳ ಬೆರಳುಗಳಿಗೆ ನಾನು ಬಿದಿರ ಚಕ್ಕೆ ಕಟ್ಟಿದೆ. ಆ ಎರಡು ಬೆರಳು ಕೊನೆಯ ತನಕ ಸೊಟ್ಟಗೇ ಉಳಿದವು. ಅವತ್ತು ಅಡುಗೆಗೆ ಕೂತಾಗ ಚಮಚವನ್ನು ನನ್ನ ಕೈಗೆ ಕೊಟ್ಟಳು.

"ನಮ್ಮ ಮನೇದು ನಾನು ಎತ್ತಿಡ್ತೀನಿ. ಗು ಮನೇದು ನೀನು. ಆರು ಬಾಯಿ. ಮೊದಲನೇದು ಮುದುಕಪ್ಪಂದು."

ಅಕ್ಕಿ ಚಮಚದಿಂದ ನೆಲಕ್ಕೆ ಚೆಲ್ಲಿತು. "ಹೆಕ್ಕು," ಅಂದಳು. ಹೆಕ್ಕಿದೆ. ಅವತ್ತಿನಿಂದ ಇವತ್ತಿನ ತನಕ ಒಂದು ಊಟಕ್ಕೂ ತಪ್ಪಿಸಿಲ್ಲ. ಆ ಆರು ಮನೆಗೂ ಅವಳು ಕೊನೆಯ ತನಕ ಅಕ್ಕಿ ಹೊತ್ತಳು. ಎರಡು ಮನೆಯವರು ಆಮೇಲೆ ಚರ್ಚಿಗೆ ಬಂದರು, ನಾಲ್ಕು ಮನೆಯವರು ಬರಲಿಲ್ಲ. ಪಿಲ್‌ಮಾನ್ ತಿರುಗಿ ಬರಲೇ ಇಲ್ಲ. ಯಾಕೆ ಬರಲಿಲ್ಲ ಅಂತ ಅವಳು ಯಾರನ್ನೂ ಕೇಳಲಿಲ್ಲ. ಮೇಲಿನ ಸಭೆಯಿಂದ ಒಬ್ಬ ದೊಡ್ಡ ಮನುಷ್ಯ ಬಂದು, "ಸದಸ್ಯರೆಷ್ಟು?" ಅಂತ ಕೇಳಿದಾಗ ಗೋಡೆಯ ಬಾಯಿಗಳನ್ನೆಲ್ಲ ಕೂಡಿಸಿ ಹೇಳಿದಳು, ಸತ್ತವರನ್ನೂ ಸೇರಿಸಿ. ಆ ಮನುಷ್ಯ ತಲೆ ಕೆರೆದುಕೊಂಡ.

ಈಗಿನ ಚರ್ಚಿಗೆ ಗಾಜಿನ ಬಾಗಿಲು, ಧ್ವನಿವರ್ಧಕ, ಕಾರು ನಿಲ್ಲಿಸುವ ಜಾಗ ಎಲ್ಲ ಇದೆ. ಚೀಲದ ಗೋಡೆ ಇಲ್ಲ. ಅಕ್ಕಿಗೆ ಹುಳು ಬರುತ್ತಂತೆ, ಲಕೋಟೆ ಸಾಕಂತೆ. ಹಳೇ ಚರ್ಚು ಒಡೆಯುವ ದಿನ ಅತ್ತಿಗೆ ಹೋಗಿ ಮೊಳೆ ಸಮೇತ ಉಳಿದಿದ್ದ ಚೀಲಗಳನ್ನೆಲ್ಲ ಕಿತ್ತು ಮನೆಗೆ ತಂದಳು. ನನ್ನನ್ನು ಕ್ಷಮಿಸಿದೀಯಾ ಅಂತ ಅವಳನ್ನು ಒಂದು ಸಲ ಕೇಳಿದ್ದೆ. "ಊಟ ಹಾಕ್ತಿಲ್ವಾ?" ಅಂದಳು. ಅಷ್ಟೇ ಅವಳ ಉತ್ತರ.

ಅವಳನ್ನು ಮಣ್ಣು ಮಾಡಿದ ಮಾರನೆಯ ದಿನ ಬೆಳಿಗ್ಗೆ ನಮ್ಮ ಮನೆ ಬಾಗಿಲಲ್ಲಿ ಬುನಿ ನಿಂತಿದ್ದಳು. ಅವಳಿಗೂ ಈಗ ಅರವತ್ತಾರು, ಸೊಂಟ ಬಾಗಿದೆ. ಅವತ್ತು ಬಾಗಿಲ ಸಂದಿಯಲ್ಲಿ ಕಂಡ ಕಣ್ಣು ಅವಳದೇ. ಒಂದೇ ಊರಲ್ಲಿ ಇದ್ದೂ ಐವತ್ತೊಂಬತ್ತು ವರ್ಷ ನನ್ನ ಜೊತೆ ಒಂದು ಮಾತಾಡಿರಲಿಲ್ಲ. ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದಳು, ಅದು ನ್ಯಾಯವೇ. ಕೈಯಲ್ಲಿ ಆ ಹಳದಿ ಗುಂಡಿಯ ಚೀಲ ಇತ್ತು. ಬಟ್ಟೆ ಸವೆದು ನೂಲು ನೂಲಾಗಿತ್ತು.

"ಇದನ್ನ ದೊಲ್ಸಾನಮ್ಮ ನನ್ನ ಮದುವೇಲಿ ಕೊಟ್ಟಿದ್ರು," ಅಂದಳು, ನನ್ನ ಮುಖ ನೋಡದೆ. "ನಿನ್ನ ಮನೆ ಬಾಯಿಗಳ ಜೊತೆ ಇನ್ನೊಂದು ಚಮಚ ಎತ್ತಿಡು ಅಂದಿದ್ರು. ನಿನ್ನಜ್ಜನ್ನ ಕೊಂದೋನ ಬಾಯಿಗೆ ಅಂತ. ನಂಗೆ ಕೈ ಬರಲಿಲ್ಲ. ಪ್ರತಿ ಹಬ್ಬಕ್ಕೂ ಕೇಳೋರು, ಎತ್ತಿಟ್ಯೇನೇ ಅಂತ. ಇಲ್ಲ ಅಂತಿದ್ದೆ. ಸಾಯೋ ಹಿಂದಿನ ವಾರವೂ ಇಲ್ಲ ಅಂದೆ."

ಅವಳು ಚೀಲದ ಬಾಯಿಯ ದಾರ ಬಿಗಿದಳು.

"ನಿನ್ನೆ ಸಂಜೆ ಎತ್ತಿಟ್ಟೆ. ನಿಮಗೋಸ್ಕರ ಅಲ್ಲ," ಅಂತ ಚೀಲವನ್ನು ಹೊಸ್ತಿಲ ಮೇಲಿಟ್ಟು ಹೊರಟಳು. ನಾಲ್ಕು ಹೆಜ್ಜೆ ಹೋದವಳು ನಿಂತು, "ಹಳೇ ಅಕ್ಕಿ. ಸ್ವಲ್ಪ ಹೊತ್ತು ನೆನೆಸಿ," ಅಂದಳು.

ನೆನೆಸಿದೆ. ಬೇಯಿಸಿದೆ. ಒಂದು ಚಮಚ ಅಕ್ಕಿಗೆ ಎಷ್ಟು ಅನ್ನ ಆಗುತ್ತೆ, ಎರಡು ತುತ್ತು. ಬಟ್ಟಲು ಮುಂದಿಟ್ಟುಕೊಂಡು ಕೂತೆ, ಅದು ಪೂರ್ತಿ ಆರಿಹೋಯಿತು. ಆಮೇಲೆ ಒಂದು ಅಗುಳೂ ಬಿಡದೆ ತಿಂದೆ.